ಪ್ಯಾಕೇಜ್ ದರ ಬದಲಾಗುವ ಮುಂಚೆ ನರ್ಸಿಂಗ್ ಹೋಮ್ ಹೀಗೆ ತಯಾರಾಗಲಿ

ಸರ್ಕಾರಿ ಯೋಜನೆಯ ಪ್ಯಾಕೇಜ್ ದರಪಟ್ಟಿ (ಒಂದೊಂದು ಚಿಕಿತ್ಸೆಗೆ ಆಸ್ಪತ್ರೆಗೆ ಸಿಗುವ ಒಟ್ಟು ಮೊತ್ತದ ಪಟ್ಟಿ) ಬದಲಾಗುತ್ತದೆ ಅಂದ ಕೂಡಲೇ ಎಲ್ಲರೂ ನೋಡುವುದು ತಮ್ಮ ಆಪರೇಷನ್ನಿಗೆ ಎಷ್ಟು ಸಿಗುತ್ತದೆ ಅಂತ. ಆದರೆ ಹತ್ತಿಪ್ಪತ್ತು ಹಾಸಿಗೆಯ ಆಸ್ಪತ್ರೆ ಸೊರಗುವುದು ಚಿಕಿತ್ಸೆಯ ಕೋಡ್ ತಪ್ಪಾಗಿ, ಕಾಗದ ಸಾಲದೆ ವಾಪಸ್ ಬರುವ ಕ್ಲೇಮುಗಳಿಂದ, ಅಂದರೆ ಯೋಜನೆಗೆ ಕಳಿಸಿದ ಬಿಲ್ಲುಗಳಿಂದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಇರುವ ಸಣ್ಣ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದ ಆರು ತಿಂಗಳ ಕ್ಲೇಮುಗಳನ್ನು ತೆಗೆಯಿರಿ. ಎಲ್ಲವೂ ಬೇಡ, ಜಾಸ್ತಿ ಮಾಡುವ ಹತ್ತು ಹದಿನೈದು ಚಿಕಿತ್ಸೆ ಸಾಕು. ಒಂದು ಹಾಳೆಯಲ್ಲಿ ಕೋಡ್, ಹಳೇ ದರ, ಹೊಸ ದರ, ನಿಮಗೆ ನಿಜವಾಗಿ ಬೀಳುವ ಖರ್ಚು ಬರೆಯಿರಿ. ಅರಿವಳಿಕೆ ಡಾಕ್ಟರ ಫೀಸು, ಇಂಪ್ಲಾಂಟ್, ಆಕ್ಸಿಜನ್ ಎಲ್ಲವೂ ಬರಲಿ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನದ ಪರೀಕ್ಷೆಗಳೂ ಮನೆಗೆ ಹೋದ ಮೇಲಿನ 15 ದಿನದ ಔಷಧವೂ ಪ್ಯಾಕೇಜಿನೊಳಗೇ ಸೇರುತ್ತವೆ, ಲೆಕ್ಕ ಹಾಕುವಾಗ ಇದನ್ನೇ ಮರೆಯುವುದು.

ಆಮೇಲೆ ಮಾನ್ಯತೆಯ ವಿಚಾರ, ಅಂದರೆ ಆಸ್ಪತ್ರೆಯ ಗುಣಮಟ್ಟ ನೋಡಿ ಎನ್‌ಎಬಿಎಚ್ ಮಂಡಳಿ ಕೊಡುವ ಪ್ರಮಾಣಪತ್ರ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ದರಗಳು 2025ರ ಅಕ್ಟೋಬರ್ 13ರಿಂದ ಬದಲಾದಾಗ ಎನ್‌ಎಬಿಎಚ್ ಮಾನ್ಯತೆ ಇಲ್ಲದ ಆಸ್ಪತ್ರೆಗೆ 15% ಕಡಿಮೆ ದರ ಇಟ್ಟರು. ಊರಿನ ದರ್ಜೆ ನೋಡಿ ಎರಡನೇ ದರ್ಜೆಗೆ 10%, ಮೂರನೇ ದರ್ಜೆಗೆ 20% ಕಡಿಮೆ. ಅದೇ ಆಪರೇಷನ್, ಅಷ್ಟೇ ಶ್ರಮ, ಆದರೂ ದುಡ್ಡು ಬೇರೆ. ಊರನ್ನು ಬದಲಿಸಲಾಗದು, ಮಾನ್ಯತೆ ನಮ್ಮ ಕೈಯಲ್ಲಿದೆ ಅಲ್ವಾ? ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಇವತ್ತೇ ಶುರು ಮಾಡಿ.

ಆದೇಶ ಕೈಗೆ ಬಂದಾಗ ತಾರೀಖಿನ ಸಾಲನ್ನು ಎರಡು ಸಲ ಓದಿ. ದಾಖಲಾದ ದಿನ ಲೆಕ್ಕಕ್ಕೋ, ಪ್ರಿ-ಆಥ್ (ಚಿಕಿತ್ಸೆಗೆ ಮುಂಚೆ ಪಡೆಯುವ ಅನುಮತಿ) ಸಿಕ್ಕ ದಿನವೋ, ಡಿಸ್ಚಾರ್ಜ್ ಆದ ದಿನವೋ? ಸ್ಪಷ್ಟವಿಲ್ಲದಿದ್ದರೆ ಯೋಜನೆಯ ಜಿಲ್ಲಾ ಸಂಯೋಜಕರನ್ನು ಇಮೇಲ್‌ನಲ್ಲಿ ಕೇಳಿ, ಫೋನಿನ ಮಾತು ನಾಳೆ ದಾಖಲೆಗೆ ಬರುವುದಿಲ್ಲ. ಬಾಕಿ ಕ್ಲೇಮುಗಳನ್ನು ಹೊಸ ದರ ಶುರುವಾಗುವುದರೊಳಗೆ ಕಳಿಸಿಬಿಡಿ.

ಈಗ ಕಾಗದ. ಒಂದೊಂದು ಚಿಕಿತ್ಸೆಗೂ ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲೇ ಬರೆದು ವಾರ್ಡಿನಲ್ಲಿ ಅಂಟಿಸಿ. ಮೂಳೆ ಮುರಿದಿದ್ದರೆ ಆಪರೇಷನ್ನಿನ ಮುಂಚಿನ ಮತ್ತು ನಂತರದ ಎಕ್ಸ್‌ರೇ, ಕಣ್ಣಿಗೆ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್. ರೋಗಿ ಒ.ಟಿ.ಯಿಂದ ಹೊರಬರುವ ಮುಂಚೆಯೇ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿರಬೇಕು, ಆಮೇಲೆ ಹುಡುಕಿದರೆ ಕಸದ ಬುಟ್ಟಿಯಲ್ಲೂ ಸಿಗುವುದಿಲ್ಲ. ಈ ಕೆಲಸ ಸಿಸ್ಟರ್‌ಗಳ ಮೇಲೆ ನಿಂತಿದೆ, ಅದಕ್ಕೇ ಹೊಸ ಪಟ್ಟಿಯನ್ನು ಬಿಲ್ಲಿಂಗ್‌ನವರಿಗೆ ಮಾತ್ರ ಹೇಳಿ ಸುಮ್ನೆ ಕೂರಬೇಡಿ, ಸಿಸ್ಟರ್‌ಗಳನ್ನೂ ಆರೋಗ್ಯಮಿತ್ರರನ್ನೂ (ಯೋಜನೆಯ ರೋಗಿಗಳಿಗೆ ಆಸ್ಪತ್ರೆಯಲ್ಲಿ ನೆರವಾಗುವವರು) ಒಟ್ಟಿಗೆ ಕೂರಿಸಿ ಒಂದು ಹಳೇ ಕೇಸ್ ಶೀಟನ್ನು ಹೊಸ ನಿಯಮಕ್ಕೆ ಹೊಂದಿಸಿ ನೋಡಿ.

ಕ್ಲೇಮನ್ನು 15 ದಿನದಲ್ಲಿ ಇತ್ಯರ್ಥ ಮಾಡಬೇಕೆಂಬ ನಿಯಮವಿದೆ. ಅದನ್ನೇ ನಂಬಿ ಸಂಬಳದ ದಿನ ಗೊತ್ತುಮಾಡಬೇಡಿ. ಎರಡು ಮೂರು ತಿಂಗಳ ಸಂಬಳ, ಔಷಧದ ದುಡ್ಡು ಬೇರೆ ತೆಗೆದಿಡಿ.

ಹೊಸ ದರದಲ್ಲಿ ಯಾವುದಾದರೂ ಚಿಕಿತ್ಸೆಯ ಖರ್ಚು ಹುಟ್ಟದಿದ್ದರೆ, ದಯವಿಟ್ಟು ಆ ಹೊರೆಯನ್ನು ರೋಗಿಯ ಮೇಲೆ ಹಾಕಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಮಾತ್ರ ಸರ್ಕಾರ ಕೊಡುವುದು ಪ್ಯಾಕೇಜಿನ 30%, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇದನ್ನು ರಿಸೆಪ್ಷನ್ನಿನ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಮಾಡಲಾಗದ ಚಿಕಿತ್ಸೆಯ ಹೆಸರನ್ನೂ ಪಕ್ಕದಲ್ಲೇ ಬರೆಸಿ, ಅದು ಸಿಗುವ ಆಸ್ಪತ್ರೆ ಯಾವುದು ಅಂತ ತಿಳಿಸಿ. ಮಂಚದ ಮೇಲೆ ಮಲಗಿಸಿದ ಮೇಲೆ "ಇನ್ನಿಷ್ಟು ಕಟ್ಟಿ" ಅಂದರೆ ಆ ಮನೆಯವರು ಸಾಲಕ್ಕೆ ಎಲ್ಲಿ ಓಡಬೇಕು?