ಚಿಪ್ ಲೈಟ್ ಹತ್ಕೊಂಡ ದಿನ

ಇಂಜಿನ್ ನಿಂತೋದ್ರೆ ಹೆಲಿಕಾಪ್ಟರ್ ಕಲ್ಲು ಬಿದ್ದಂಗೆ ಬೀಳುತ್ತೆ ಅಂತ ಸುಮಾರು ಜನ ಅನ್ಕೊಂಡಿದಾರೆ, ಹಂಗೇನಿಲ್ಲ. ಕಲೆಕ್ಟಿವ್, ಅಂದ್ರೆ ಮೇಲಿನ ರೆಕ್ಕೆಗಳ ಓರೆ ಬದಲಾಯಿಸೋ ಲಿವರ್, ತಕ್ಷಣ ಕೆಳಗೆ ಹಾಕಿದ್ರೆ ಕೆಳಗಿಂದ ನುಗ್ಗೋ ಗಾಳಿಗೇ ಆ ರೆಕ್ಕೆಗಳು, ಅಂದ್ರೆ ರೋಟರ್, ತಿರುಗ್ತಾ ಇರುತ್ತೆ, ನೆಲದ ಹತ್ರ ಮೂಗು ಎತ್ತಿ ಸ್ಪೀಡ್ ಕೊಂದು, ರೋಟರ್‌ನಲ್ಲಿ ಉಳ್ದಿರೋ ಶಕ್ತಿನ ಕೊನೇಲಿ ಒಂದೇ ಸಲ ಬಳಸಿ ಇಳಿಸ್ಬೋದು. ಆಟೊರೊಟೇಶನ್ ಅಂತೀವಿ. ಎಷ್ಟು ಪ್ರಾಕ್ಟೀಸ್ ಮಾಡಿರ್ತೀವಿ ಅಂದ್ರೆ ಯೋಚನೆ ಮಾಡೋ ಮುಂಚೆನೇ ಕೈ ಹೋಗಿರುತ್ತೆ.

ಆದ್ರೆ ನಂಗೆ ಬೆವರು ಬಂದಿದ್ದು ಯೋಚನೆಗೆ ಟೈಮ್ ಸಿಕ್ಕಿದ ದಿನ. ಜಕ್ಕೂರಿಂದ ಚಿಕ್ಕಮಗಳೂರು ಕಡೆ, ಬೆಲ್ 407, ಹಿಂದೆ ಇಬ್ರು ಪ್ಯಾಸೆಂಜರ್. ಚನ್ನರಾಯಪಟ್ಟಣ ದಾಟಿದ್ದೇ ಗೇರ್‌ಬಾಕ್ಸ್ ಚಿಪ್ ಲೈಟ್ ಹತ್ಕೊಳ್ತು. ಇಂಜಿನ್ ಶಕ್ತಿನ ರೋಟರ್‌ಗೆ ಮುಟ್ಟಿಸೋದೇ ಈ ಗೇರ್‌ಬಾಕ್ಸ್. ಅದ್ರ ಆಯಿಲ್‌ನಲ್ಲಿ ಒಂದು ಮ್ಯಾಗ್ನೆಟ್ ಪ್ಲಗ್ ಇರುತ್ತೆ, ಲೋಹದ ಚೂರು ಅಂಟಿದ್ರೆ ಸರ್ಕ್ಯೂಟ್ ಕೂಡಿ ಲೈಟ್ ಬರುತ್ತೆ. ಬರೀ ಸವೆದ ಪುಡಿ ಆಗಿರ್ಬೋದು, ಬೇರಿಂಗೇ ಎದ್ದು ಬರ್ತಿರ್ಬೋದು, ಮೇಲೆ ಕೂತೋನಿಗೆ ಗೊತ್ತಾಗಲ್ಲ. ಪ್ರೆಷರ್ ಸರಿ, ಟೆಂಪರೇಚರ್ ಸರಿ, ಸೌಂಡ್ ಸರಿ. ಇಂಥ ಹೊತ್ತಲ್ಲೇ ಮನಸ್ಸು ಚೌಕಾಸಿಗೆ ಇಳಿಯೋದು. ಅದ್ರ ಮೇಲೆ ಹಿಂದಿಂದ "ಕ್ಯಾಪ್ಟನ್, ಇನ್ನ 20 ನಿಮಿಷ ಅಲ್ವಾ, ಹೋಗ್ಬಿಡೋಣ ಬಿಡಿ."

ತಲೇಗೆ ಬಂದಿದ್ದು ಕೆನಡಾದ ಕೇಸು. 2009 ಮಾರ್ಚ್ 12, ನ್ಯೂಫೌಂಡ್‌ಲ್ಯಾಂಡ್ ಹತ್ರ ಸಮುದ್ರದ ಮೇಲೆ ಒಂದು ಸಿಕೋರ್ಸ್ಕಿ ಎಸ್-92 ಹೆಲಿಕಾಪ್ಟರ್, ಗೇರ್‌ಬಾಕ್ಸ್ ಫಿಲ್ಟರ್ ಹಿಡ್ಕೊಂಡಿದ್ದ ಟೈಟಾನಿಯಂ ಸ್ಟಡ್‌ಗಳು (ಬೋಲ್ಟ್ ಥರದವು) ಮುರಿದು ಆಯಿಲ್ ಸೋರೋಯ್ತು, ದಡ ಸೇರೋಣ ಅಂತ ತಿರುಗಿದ್ರು, ಸುಮಾರು 11 ನಿಮಿಷಕ್ಕೆ ಮುಗೀತು, 18 ಜನದಲ್ಲಿ ಉಳಿದಿದ್ದು ಒಬ್ರು. ಅವ್ರನ್ನ ಬೈಯೋಕೆ ನಾನ್ಯಾರು, ಅವ್ರ ಕೆಳಗೆ ಕೊರೆಯೋ ಅಟ್ಲಾಂಟಿಕ್ ಇತ್ತು. ನನ್ನ ಕೆಳಗೆ ಕೊಯ್ದ ರಾಗಿ ಹೊಲ.

ಪವರ್ ಜಾಸ್ತಿ ಎಳೀದೆ, ಗಾಳಿಗೆ ಎದುರಾಗಿ ಬಂದೆ. ಕರೆಂಟ್ ವೈರ್ ಮೇಲಿಂದ ಕಾಣಲ್ಲ, ಕಂಬ ಹುಡುಕ್ಬೇಕು, ಎರಡು ಕಂಬ ಕಂಡ್ರೆ ಮಧ್ಯ ವೈರ್ ಇದೆ ಅಂತ್ಲೇ ಲೆಕ್ಕ. ತೆಂಗಿನ ಸಾಲು ಬಿಟ್ಟು ಇಳಿಸಿದೆ, ಧೂಳೋ ಧೂಳು, ರೋಟರ್ ನಿಲ್ಲೋವಷ್ಟ್ರಲ್ಲಿ ಅರ್ಧ ಊರು ಅಲ್ಲಿತ್ತು. ಹೊಲದ ಯಜಮಾನ್ರು ಕೇಳಿದ್ದು, "ಪೆಟ್ರೋಲ್ ಖಾಲಿ ಆಯ್ತಾ ಸಾ?"

ಸಂಜೆ ಇಂಜಿನಿಯರ್ ಕಾರಲ್ಲಿ ಬಂದು ಪ್ಲಗ್ ಬಿಚ್ಚಿ ಬಿಳೀ ಬಟ್ಟೆಗೆ ಒರೆಸಿದ. ಕಪ್ಪು ಪುಡಿ, ಅದ್ರ ಮಧ್ಯ ಉಗುರಿನ ಚೂರಿನಷ್ಟು ಹೊಳೆಯೋ ಚಕ್ಕೆ. ಏನೂ ಮಾತಾಡ್ದೆ ಬಟ್ಟೆ ಮಡಚಿ ಜೇಬಿಗಿಟ್ಕೊಂಡ. ಅದನ್ನ ನೋಡೋಕೆ ಪ್ಯಾಸೆಂಜರ್‌ಗಳು ಇರ್ಲಿಲ್ಲ, ಮಧ್ಯಾಹ್ನನೇ ನನ್ನ ಬೈಕೊಂಡು ಟ್ಯಾಕ್ಸಿ ಹಿಡ್ದಿದ್ರು.