ದ್ರಾಕ್ಷಿ ಗ್ರೂಪ್‌ದಾಗ ಪ್ರಶ್ನೆ ಕೇಳೂದು ಹ್ಯಾಂಗ

ವಿಜಯಪುರ ಜಿಲ್ಲಾದ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಬೆಳೆಯೋರ ಫೋನ್‌ದಾಗ ನಾಕೈದರ ವಾಟ್ಸಾಪ್ ಗ್ರೂಪ್ ಇದ್ದೇ ಇರ್ತಾವ, ತಗದು ನೋಡಿದ್ರ ಗುಡ್ ಮಾರ್ನಿಂಗ್ ಹೂವು, ಔಷಧದ ಜಾಹೀರಾತು, ಎಲ್ಲಿಂದೋ ಬಂದ ಫಾರ್ವರ್ಡು. ಅದರಿಂದ ಖರೇನ ಉಪಯೋಗ ಆಗಬೇಕಂದ್ರ ಕಳಸೂದು ಕಮ್ಮಿ ಮಾಡಿ ಕೇಳೂದು ಕಲೀರಿ.

"ಎಲಿಗೆ ರೋಗ ಬಂದೈತಿ, ಯಾವ ಎಣ್ಣಿ ಹೊಡೀಲಿ" ಅಂತ ಒಂದ ಮಸುಕು ಫೋಟೋ ಹಾಕಿದ್ರ ಹತ್ತು ಮಂದಿ ಹತ್ತು ಎಣ್ಣಿ (ಹೊಡಿಯೂ ಔಷಧ) ಹೇಳ್ತಾರ, ಪಾಪ ಅವರಾದ್ರೂ ಏನ್ ಮಾಡ್ಬೇಕು. ಹಗಲು ಬೆಳಕಿನ್ಯಾಗ ಎಲಿ ಮ್ಯಾಲಿಂದ ಒಂದು, ಅದ ಎಲಿ ತಿರುವಿ ಕೆಳಗಿಂದ ಒಂದು ಫೋಟೋ ತಗೀರಿ, ಯಾಕಂದ್ರ ಡೌನಿ (ಬೂಜು ತುಪ್ಪಟ ರೋಗ) ಆದ್ರ ಮ್ಯಾಲ ಹಳದಿ ಕಲಿ ಇರ್ತಾವ, ಬಿಳಿ ಬೂಸು ಕೆಳಗ ಇರ್ತೈತಿ, ಬೂದಿ ರೋಗ ಆದ್ರ ಮ್ಯಾಲೂ ಬೂದಿ ಕಾಣ್ತೈತಿ. ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ. ಜೋಡಿ ಇಷ್ಟು ಬರೀರಿ: ದ್ರಾಕ್ಷಿ ತಳಿ ಥಾಮ್ಸನ್ನೋ ಮಾಣಿಕ್ ಚಮನ್ನೋ, ಚಾಟ್ನಿ (ಬಳ್ಳಿ ಕತ್ತರಸೂದು) ಆಗಿ ಎಷ್ಟು ದಿವ್ಸ ಆತು, ಮಳಿ ಯಾವಾಗ ಬಿತ್ತು, ಹಿಂದ ಏನ್ ಹೊಡದೀರಿ. ಮಳಿ ಯಾಕ ಕೇಳ್ತಾರಂದ್ರ ಎಲಿ ತೊಯ್ದಿದ್ದಾಗನ ಡೌನಿ ಜೋರ್ ಹಬ್ಬೂದು.

ಟೈಪ್ ಮಾಡೂದು ಬ್ಯಾಸರಾದ್ರ ವಾಯ್ಸ್ ನೋಟ್ ಹಾಕ್ರಿ, ಆದ್ರ ಕೆಳಗ "ಡೌನಿ, ಥಾಮ್ಸನ್" ಅಂತ ಎರಡು ಶಬ್ದ ಬರೀರಿ, ಮುಂದಿನ ವರ್ಷ ಹುಡುಕಿದ್ರ ಅಕ್ಷರ ಸಿಗ್ತಾವ, ದನಿ ಸಿಗೂದಿಲ್ಲ.

ಉತ್ತರ ಯಾರು ಕೊಟ್ರು ಅನ್ನೂದೂ ನೋಡ್ರಿ. ಅಂಗಡಿಯವ್ರು ತಮ್ಮಲ್ಲಿ ಇದ್ದಿದ್ದ ಹೇಳ್ತಾರ, ಅದು ವ್ಯಾಪಾರ ಬಿಡ್ರಿ. ಡೌಟ್ ಇದ್ರ ಎಣ್ಣಿ ಕಲಸೂಕಿಂತ ಮೊದ್ಲು ಕೃಷಿ ವಿಜ್ಞಾನ ಕೇಂದ್ರದವ್ರಿಗೆ ತೋರಸ್ರಿ, ಇಲ್ಲಾಂದ್ರ ಕಿಸಾನ್ ಕಾಲ್ ಸೆಂಟರ್ 1800-180-1551, ರೊಕ್ಕ ಹತ್ತೂದಿಲ್ಲ.

ಮಣೂಕ (ಒಣದ್ರಾಕ್ಷಿ) ರೇಟಿನ ಮೆಸೇಜೂ ಹಂಗ. ವಿಜಯಪುರ ಮಾರ್ಕೆಟ್ಟಿಂದೋ, ಮಹಾರಾಷ್ಟ್ರದ ತಾಸಗಾಂವದ್ದೋ ಸಾಂಗ್ಲೀದೋ, ಯಾವ ತಾರೀಖು, ಯಾವ ಬಣ್ಣದ ಮಾಲು, ಇಷ್ಟಿಲ್ದ ರೇಟು ಕಟ್ಟಿ ಮ್ಯಾಲಿನ ಹರಟಿ ಅಷ್ಟ.

ಇನ್ನ ಭಾಳ ಮಂದಿ ಬಿಡೂ ಕೆಲಸ ಒಂದೈತಿ. ಎಣ್ಣಿ ಹೊಡದ ಒಂದ್ ವಾರಕ್ಕ ಅದ ಹಳೇ ಮೆಸೇಜಿಗೆ ರಿಪ್ಲೈ ಮಾಡಿ ಹೊಸಾ ಫೋಟೋ ಹಾಕ್ರಿ, ಏನ್ ಹೊಡದ್ರಿ, ರೋಗ ನಿಂತೋ ಇಲ್ಲೋ. ನಿಂತಿಲ್ಲಾಂದ್ರೂ ಹಾಕ್ರಿ, ಪಕ್ಕದ ತ್ವಾಟದವ್ರ ಖರ್ಚು ಉಳೀತೈತಿ. ಅಡ್ಮಿನ್ ಅಣ್ಣಾರು ಅದನ್ನ 30 ದಿವ್ಸಕ್ಕ ಪಿನ್ ಮಾಡಿದ್ರ (ಗ್ರೂಪಿನ ಮ್ಯಾಲ ಕಾಣೂ ಹಂಗ ಇಟ್ರ) ಗುಡ್ ಮಾರ್ನಿಂಗ್ ಹೂವಿನ ಕೆಳಗ ಮುಚ್ಚಿ ಹೋಗೂದಿಲ್ಲ.