ಮದ್ವೆಗೆ ಮುಂಚೆ ಮೂಗಿನ ಸರ್ಜರಿನಾ? ಡಾಕ್ಟರ್ ಹತ್ರ ಹಿಂದಿನ ಆಷಾಢದಲ್ಲೇ ಹೋಗಿ

ಛತ್ರ ಸಿಗಲ್ಲ ಅಂತ ಒಂದು ವರ್ಷ ಮುಂಚೆನೇ ಓಡಾಡಿ ಅಡ್ವಾನ್ಸ್ ಕಟ್ತೀವಿ, ಆದ್ರೆ ಮೂಗು ಸರಿ ಮಾಡಿಸ್ಕೋಬೇಕು ಅನ್ನೋರು ಮಾತ್ರ ಲಗ್ನಪತ್ರಿಕೆ ಪ್ರಿಂಟಿಗೆ ಹೋದ್ಮೇಲೆ ಪ್ಲಾಸ್ಟಿಕ್ ಸರ್ಜನ್‌ನ ಹುಡುಕೋಕೆ ಶುರು ಮಾಡ್ತಾರೆ. ಅಷ್ಟೊತ್ತಿಗೆ ಲೇಟಾಗಿರುತ್ತೆ.

ಮೊದಲ್ನೇ ಕೆಲಸ, ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ರೈನೋಪ್ಲಾಸ್ಟಿ, ಅಂದ್ರೆ ಈ ಮೂಗಿನ ಸರ್ಜರಿ ಆದ್ಮೇಲೆ ಸುಮಾರು ಒಂದು ವಾರ ಮೂಗಿನ ಮೇಲೆ ಸ್ಪ್ಲಿಂಟ್ (ಮೂಗು ಅಲುಗಾಡದ ಹಾಗೆ ಹಿಡಿಯೋ ಗಟ್ಟಿ ಪಟ್ಟಿ) ಇರುತ್ತೆ, ಕಣ್ಣಿನ ಸುತ್ತ ಕಪ್ಪುಗಟ್ಟಿದ್ದು ಹೋಗೋಕೆ ಎರಡು ವಾರ ಆಗ್ಬಹುದು, ನೋಡಿದವ್ರಿಗೆ ಗೊತ್ತಾಗೋ ಊತ ಬಹುಪಾಲು ಒಂದೆರಡು ತಿಂಗಳಲ್ಲಿ ಇಳಿಯುತ್ತೆ. ಆದ್ರೆ ಮೂಗಿನ ತುದಿಯ ಊತ ಇದ್ಯಲ್ಲ, ಅದು ಪೂರ್ತಿ ಇಳಿದು ಫೈನಲ್ ಶೇಪ್ ಬರೋಕೆ ಒಂದು ವರ್ಷ ಹಿಡಿಯುತ್ತೆ, ಚರ್ಮ ದಪ್ಪ ಇದ್ರೆ ಇನ್ನೂ ಜಾಸ್ತಿ. ಸರಿ ಬರ್ಲಿಲ್ಲ, ಮತ್ತೆ ಮಾಡಿ ಅಂದ್ರೂ ಸಾಮಾನ್ಯವಾಗಿ ಒಂದು ವರ್ಷ ಕಾಯ್ಬೇಕು ಅಂತಾರೆ. ಹಾಗಾಗಿ ವೈಶಾಖದಲ್ಲಿ ಮದ್ವೆ ಅಂದ್ರೆ ಹಿಂದಿನ ಆಷಾಢದಲ್ಲಿ ಕನ್ಸಲ್ಟೇಶನ್, ದಸರಾಗೆ ಮುಂಚೆ ಸರ್ಜರಿ, ತುದಿಯ ಊತ ಮದ್ವೆ ಹೊತ್ತಿಗೆ ಸ್ವಲ್ಪ ಉಳಿದಿರ್ಬಹುದು, ಆದ್ರೂ ನನ್ ಪ್ರಕಾರ ಇದಕ್ಕಿಂತ ತಡ ಮಾಡ್ಬಾರದು. ಆಷಾಢದಲ್ಲಿ ಶುಭಕಾರ್ಯ ಬೇಡ ಅಂತ ಮನೇಲಿ ಅಜ್ಜಿ ತಡೀಬಹುದು, ಡಾಕ್ಟರ್ ಜೊತೆ ಕೂತು ಮಾತಾಡೋದಕ್ಕೆ ಯಾವ ದೋಷನೂ ಇಲ್ಲ ಬಿಡಿ. ಮದ್ವೆಗಳಿಲ್ದೆ ಓಡಾಟನೂ ಕಮ್ಮಿ ಇರುತ್ತೆ.

ಹುಡುಗರೂ ಕೇಳಿಸ್ಕೊಳಿ. ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿದ ಕೆಲವೇ ವಾರದಲ್ಲಿ ನೆಟ್ಟ ಕೂದಲು ಮೊದಲು ಉದುರುತ್ತೆ, ಮತ್ತೆ ಹುಟ್ಟೋಕೆ ಮೂರ್ನಾಲ್ಕು ತಿಂಗಳು, ಪೂರ್ತಿ ಕಾಣೋಕೆ 9ರಿಂದ 12 ತಿಂಗಳು. ಎಂಗೇಜ್‌ಮೆಂಟ್ ಮುಗಿಸ್ಕೊಂಡು ಮಾಡಿಸ್ತೀನಿ ಅಂದ್ರೆ ಮಂಟಪದಲ್ಲಿ ಪೇಟನೇ ಗತಿ.

ಎರಡನೇದು, ಅಪಾಯಿಂಟ್‌ಮೆಂಟ್ ತಗೊಳ್ಳೋಕೆ ಮುಂಚೆ ಡಾಕ್ಟರ್ ಯಾರು ಅಂತ ನೋಡಿ. ಇನ್‌ಸ್ಟಾ ರೀಲ್ಸಲ್ಲಿ ಬಿಳಿ ಕೋಟು ಹಾಕಿದವ್ರೆಲ್ಲ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಪ್ಲಾಸ್ಟಿಕ್ ಸರ್ಜರಿಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅಂತಾರೆ) ಡಿಗ್ರಿ ಇದ್ಯಾ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಏನು ಅಂತ ಕೇಳೋಕೆ ಸಂಕೋಚ ಬೇಡ, ಮೂಗಿನ ಸರ್ಜರಿನ ಆ ಟ್ರೈನಿಂಗ್ ಇರೋ ಇಎನ್‌ಟಿ ಡಾಕ್ಟರ್‌ಗಳೂ ಮಾಡ್ತಾರೆ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರೆ-ಕ್ಲಿನಿಕ್‌ಗಳ ಕಾಯ್ದೆ) ರಿಜಿಸ್ಟ್ರೇಷನ್ ಇದ್ಯಾ, ಅನಸ್ತೇಷಿಯಾ ಕೊಡೋರು ಯಾರು, ಎಮರ್ಜೆನ್ಸಿ ಆದ್ರೆ ಐಸಿಯು ಎಲ್ಲಿದೆ, ಇದನ್ನೂ ಕೇಳ್ಲೇಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಫ್ಯಾಟ್ ತೆಗೆಸೋ ಸರ್ಜರಿಗೆ ಹೋದ ಕಿರುತೆರೆ ನಟಿಯೊಬ್ಬರು ತೀರ್ಕೊಂಡಿದ್ದು ನೆನಪಿರ್ಬಹುದು. ಮನೇಲಿ ಒಬ್ಬರಿಗಾದ್ರೂ ಹೇಳಿ, ಜೊತೇಲಿ ಕರ್ಕೊಂಡೇ ಹೋಗಿ.

ಕನ್ಸಲ್ಟೇಶನ್‌ಗೆ ಹೋಗೋವಾಗ ನೀವು ತಗೊಳ್ಳೋ ಮಾತ್ರೆಗಳ ಪಟ್ಟಿ, ಹಳೇ ರಿಪೋರ್ಟು ಇರ್ಲಿ. ಮನೆಮದ್ದು, ಆಯುರ್ವೇದದ ಗುಳಿಗೆ, ವಿಟಮಿನ್ ಇ ಕೂಡ ಹೇಳಿ, ಯಾಕಂದ್ರೆ ಕೆಲವು ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ವೆ. ಆದ್ರೆ ಹಾರ್ಟ್‌ಗೆ ಅಂತ ಆಸ್ಪಿರಿನ್ ತಗೊಳ್ತಿರೋರು ನೀವೇ ನಿಲ್ಲಿಸ್ಬೇಡಿ, ಅದನ್ನ ಡಾಕ್ಟರೇ ಹೇಳ್ಬೇಕು. ಸಿಗರೇಟ್ ಸೇದೋರು ಸರ್ಜರಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡ್ಬೇಕಾಗುತ್ತೆ, ಬೇಗ ಹೋಗಿ ಅನ್ನೋದಕ್ಕೆ ಇದೂ ಒಂದು ಕಾರಣ. ಕನ್ನಡಕ ಹಾಕೋರು ಸರ್ಜರಿ ಆದ್ಮೇಲೆ ಕೆಲವು ವಾರ ಅದನ್ನ ಮೂಗಿನ ಮೇಲೆ ಇಡೋ ಹಾಗಿಲ್ಲ. ಮದ್ವೆಗೆ ಮೂಗುಬೊಟ್ಟು ಚುಚ್ಚಿಸ್ಕೋಬೇಕು ಅಂತಿದ್ರೆ ಅದನ್ನೂ ಮೊದಲ ವಿಸಿಟ್‌ನಲ್ಲೇ ಹೇಳ್ಬಿಡಿ.

ಫೋಟೋ ತೋರಿಸ್ಬೇಕು ಅಂದ್ರೆ ಸೆಲ್ಫಿ ಬೇಡ. ಒಂದಡಿ ದೂರದಿಂದ ತೆಗೆದ ಸೆಲ್ಫಿಲಿ ಮೂಗು ಸುಮಾರು 30 ಪರ್ಸೆಂಟ್ ಅಗಲ ಕಾಣುತ್ತೆ ಅಂತ 2018ರಲ್ಲಿ ಅಮೆರಿಕದ ಡಾಕ್ಟರ್‌ಗಳು ಲೆಕ್ಕ ಹಾಕಿ ತೋರಿಸಿದ್ರು. ನಿಮ್ ಮೂಗು ಚೆನ್ನಾಗೇ ಇದ್ದು ಫೋನ್‌ದೇ ತಪ್ಪಿರ್ಬಹುದು! ಬೇರೆಯವ್ರ ಹತ್ರ ಐದಾರು ಅಡಿ ದೂರದಿಂದ ತೆಗೆಸಿ, ಎದುರಿಂದ ಒಂದು, ಪಕ್ಕದಿಂದ ಎರಡು, ಫಿಲ್ಟರ್ ಇಲ್ದೆ.

ಮೊದಲ ಭೇಟಿಲೇ ಡೇಟ್ ಫಿಕ್ಸ್ ಮಾಡ್ಬೇಡಿ. ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇನ್ನೊಬ್ಬ ಡಾಕ್ಟರ್ ಅಭಿಪ್ರಾಯನೂ ತಗೊಳ್ಳಿ, ಒಂದೆರಡು ವಾರ ಯೋಚ್ನೆ ಮಾಡಿ ಮತ್ತೆ ಹೋಗಿ. ಖರ್ಚು ಬರವಣಿಗೆಲಿ ಕೇಳಿ, ಅಂದಕ್ಕೆ ಮಾತ್ರ ಮಾಡಿಸೋ ಸರ್ಜರಿಗೆ ಹೆಲ್ತ್ ಇನ್ಶೂರೆನ್ಸ್ ಬರಲ್ಲ, ಆಕ್ಸಿಡೆಂಟ್, ಸುಟ್ಟಗಾಯ, ಕ್ಯಾನ್ಸರ್ ಆದ್ಮೇಲೆ ಸರಿಪಡಿಸೋದಾದ್ರೆ ಬೇರೆ ಮಾತು.

ಅಮೆರಿಕ, ದುಬೈಯಿಂದ ಮೂರು ವಾರ ರಜೆ ಹಾಕಿ ಬಂದು ಮಾಡಿಸ್ಕೊಂಡು ಹೋಗ್ತೀನಿ ಅನ್ನೋರು ಟಿಕೆಟ್ ಬುಕ್ ಮಾಡೋಕೆ ಮುಂಚೆ ವಿಡಿಯೋ ಕಾಲಲ್ಲಿ ಮಾತಾಡಿ, ಬಂದ ಮೇಲೆ ಡಾಕ್ಟರ್ ಕೈಯಿಂದ ಮುಟ್ಟಿ ನೋಡೋ ತನಕ ಸರ್ಜರಿ ಪಕ್ಕಾ ಅಂತ ಅಂದ್ಕೋಬೇಡಿ, ಆ ವಾರ ನೆಗಡಿ ಜ್ವರ ಬಂದ್ರೂ ಮುಂದಕ್ಕೆ ಹಾಕ್ತಾರೆ. ಸ್ಪ್ಲಿಂಟ್ ತೆಗೆಸೋ ದಿನ, ಅದಾದ್ಮೇಲಿನ ಚೆಕಪ್, ವಾಪಸ್ ಫ್ಲೈಟ್ ಯಾವಾಗ ಹತ್ತಬಹುದು, ಮೂರನ್ನೂ ಕೇಳ್ಕೊಂಡೇ ರಿಟರ್ನ್ ಟಿಕೆಟ್ ಮಾಡ್ಸಿ, ಆದ್ರೆ ಡೇಟ್ ಬದಲಾಯಿಸೋಕೆ ಆಗೋ ಟಿಕೆಟ್ಟೇ ತಗೊಳ್ಳಿ.